ಕೊಸರಿನ ಲೆಕ್ಕ

ಅಂಗಡಿಗೆ ಹೋಗುವ ಮನುಷ್ಯರಲ್ಲಿ ಎರಡೇ ಜಾತಿ ಎಂದು ನನ್ನ ಅಭಿಪ್ರಾಯ. ಪೊಟ್ಟಣದ ಮುಂಭಾಗ ನೋಡಿ ಸಾಮಾನು ಕೊಳ್ಳುವವರು ಒಂದು, ಹಿಂಭಾಗ ನೋಡಿ ಕೊಳ್ಳುವವರು ಇನ್ನೊಂದು. ಮುಂಭಾಗದವರು ಸುಖಿಗಳು. ಅವರಿಗೆ ನಗುವ ಮಗು ಕಾಣುತ್ತದೆ, ಗೋಧಿಯ ತೆನೆ ಕಾಣುತ್ತದೆ, ಹಬೆಯಾಡುವ ಚಹಾದ ಕಪ್ಪು ಕಾಣುತ್ತದೆ. ಅವರು ಅದನ್ನು ಬುಟ್ಟಿಗೆ ಹಾಕಿಕೊಂಡು ಮುಂದೆ ಹೋಗುತ್ತಾರೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ. ನಾನು ಹಿಂಭಾಗದವಳು. ನನಗೆ ಕಾಣುವುದು, ಅಂಟಿಸಿದ ಮಡಿಕೆಯ ಅಡಿಯಲ್ಲಿ ಯಾರೂ ಓದದಿರಲಿ ಎಂಬ ಸದುದ್ದೇಶದಿಂದ ಅಚ್ಚು ಹಾಕಿದ ನಿವ್ವಳ ತೂಕ. ದೀಪಾವಳಿಗೆ ಪಕ್ಕದ ಮನೆಯವರು ಸಿಹಿಯ ಡಬ್ಬಿ ಕೊಟ್ಟರೂ ನನ್ನ ಕೈ ಅದನ್ನು ತಾನಾಗಿಯೇ ಮಗುಚುತ್ತದೆ. ಆಗ ನಮ್ಮವರು ಹಿಂದಿನಿಂದ ಮೆಲ್ಲಗೆ ಚಿವುಟುತ್ತಾರೆ. ಆಮೇಲೆ ನಾನು ಥ್ಯಾಂಕ್ಸ್ ಹೇಳುತ್ತೇನೆ.

ಈ ರೋಗ ನನಗೆ ಹುಟ್ಟಿನಿಂದ ಬಂದದ್ದಲ್ಲ, ಬಿಸ್ಕತ್ತಿನಿಂದ ಬಂದದ್ದು. ದೆಹಲಿಯ ಜನಕಪುರಿಯಲ್ಲಿ ಸರ್ಕಾರ ಕಟ್ಟಿಸಿದ ಒಂದು ಡಿಡಿಎ ಫ್ಲ್ಯಾಟಿನ ಎರಡನೆಯ ಮಹಡಿಯಲ್ಲಿ ನಮ್ಮದು ಮೂರು ಜನರ ಸಂಸಾರ. ನಾನು ಹತ್ತಿರದ ಶಾಲೆಯಲ್ಲಿ ಗಣಿತದ ಟೀಚರ್. ನಮ್ಮವರಿಗೆ ಕನಾಟ್ ಪ್ಲೇಸಿನಲ್ಲಿ ಆಫೀಸು. ಮಗಳು ಅನು ಐದನೆಯ ಕ್ಲಾಸು. ಮೊದಲೆಲ್ಲ ಮನೆಯ ಸಾಮಾನಿನ ಗೊಡವೆಯೇ ನನಗಿರಲಿಲ್ಲ. ತಿಂಗಳ ಮೊದಲ ಭಾನುವಾರ ನಮ್ಮವರು ನಮ್ಮ ಬ್ಲಾಕಿನ ಮೂಲೆಯಲ್ಲಿರುವ ಲಾಲಾಜಿಯ ಅಂಗಡಿಗೆ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಪಟ್ಟಿ ಓದುತ್ತಿದ್ದರು, ಸಂಜೆಯೊಳಗೆ ಸಾಮಾನು ಮೆಟ್ಟಿಲು ಹತ್ತಿ ಬರುತ್ತಿತ್ತು. ಸಂಜೆಯ ಚಹಾಕ್ಕೆ ಸೋಮವಾರ ಒಡೆದ ಬಿಸ್ಕತ್ತಿನ ಪೊಟ್ಟಣ, ಎಷ್ಟೋ ವರ್ಷಗಳಿಂದ, ಶನಿವಾರಕ್ಕೆ ಸರಿಯಾಗಿ ಮುಗಿಯುತ್ತಿತ್ತು. ಅದು ಪಂಚಾಂಗದಷ್ಟೇ ನಂಬಿಕಸ್ಥ ವ್ಯವಸ್ಥೆ. ಹೀಗಿರುವಾಗ ಒಂದು ವಾರ ಪೊಟ್ಟಣ ಶುಕ್ರವಾರವೇ ಬರಿದಾಯಿತು. ಮುಂದಿನ ವಾರವೂ ಶುಕ್ರವಾರವೇ.

ಮನೆಯಲ್ಲಿ ಕಳ್ಳತನವಾದರೆ ಮೊದಲು ಯಾರನ್ನು ಹಿಡಿಯಬೇಕೆಂದು ಎಲ್ಲ ಹೆಂಡತಿಯರಿಗೂ ಗೊತ್ತು. ನಮ್ಮವರಿಗೆ ಆಗಷ್ಟೇ ಡಾಕ್ಟರು ಸಿಹಿ ಕಡಿಮೆ ಮಾಡಲು ಹೇಳಿದ್ದರು. ನಾನು ಖಾಲಿ ಪೊಟ್ಟಣವನ್ನು ಅವರ ಮುಂದಿಟ್ಟು, ಏನಿದು, ಎಂದು ಮಾತ್ರ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವರು ಬಾಯಿ ಒರೆಸಿಕೊಂಡರು. ಇನ್ನೊಂದು ಸಲ ಕೇಳಿದ್ದಕ್ಕೆ, ಆಫೀಸಿನ ಕೆಳಗೆ ಸಂಜೆ ಬಿಸಿ ಜಿಲೇಬಿ ಮಾಡುತ್ತಾರೆಂದೂ, ವಾರಕ್ಕೆ ಎರಡು ಸಲ ಮಾತ್ರ ಎಂದೂ, ಅದೂ ಸ್ನೇಹಿತರ ಒತ್ತಾಯಕ್ಕೆ ಎಂದೂ ತಾವಾಗಿಯೇ ಹೇಳಿಬಿಟ್ಟರು. ಹೀಗೆ ಬಿಸ್ಕತ್ತಿನ ವಿಚಾರಣೆಯಲ್ಲಿ ಜಿಲೇಬಿ ಹೊರಬಿತ್ತು. ಆದರೆ ಬಿಸ್ಕತ್ತು ಮಾತ್ರ ತಾನು ಮುಟ್ಟಿಲ್ಲ ಎಂದು ತಾಯಿಯ ಮೇಲೆ ಆಣೆ ಇಟ್ಟರು. ತಾಯಿಯ ಮೇಲೆ ಅವರು ಸುಳ್ಳು ಆಣೆ ಇಡುವವರಲ್ಲ. ಅತ್ತೆಯನ್ನು ಕಂಡವರು ಯಾರೂ ಇಡುವುದಿಲ್ಲ.

ಮರುದಿನ ಶಾಲೆಯಿಂದ ಬರುವಾಗ ನಾನು ನೇರವಾಗಿ ಲಾಲಾಜಿಯ ಅಂಗಡಿಗೆ ನುಗ್ಗಿದೆ. ಅಲ್ಲಿಗೆ ನಾನು ಹೋದದ್ದು ಅದೇ ಹೆಚ್ಚುಕಡಿಮೆ ಮೊದಲ ಸಲ. ಒಂದು ಪೊಟ್ಟಣ ಕೊಂಡು, ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲೆ ಒಡೆದು, ಬಿಸ್ಕತ್ತುಗಳನ್ನು ಸಾಲಾಗಿ ಜೋಡಿಸಿ ಎಣಿಸಿದೆ. ನಂಬಿಕೆ ಬರಲಿಲ್ಲ. ಬೆರಳು ಮಡಿಚಿ ಮತ್ತೊಮ್ಮೆ ಎಣಿಸಿದೆ. ಹಿಂದೆ ನಿಂತಿದ್ದ ಗಿರಾಕಿಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಲಾಲಾಜಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬಹಳ ಶಾಂತವಾಗಿ ಕಾಯುತ್ತಿದ್ದರು. ಮೂರನೆಯ ಸಲ ಎಣಿಸಿ ಪೊಟ್ಟಣ ಮಗುಚಿ ನೋಡಿದಾಗ ಗೊತ್ತಾಯಿತು: ನೂರು ಗ್ರಾಂ ಎಂದಿದ್ದ ಜಾಗದಲ್ಲಿ ಎಂಬತ್ತೆಂಟು ಎಂದಿತ್ತು. ಬೆಲೆ ಅದೇ, ಬಣ್ಣ ಅದೇ, ಪೊಟ್ಟಣದ ಉದ್ದವೂ ಅದೇ. ಒಳಗೆ ಮಾತ್ರ ಎರಡು ಬಿಸ್ಕತ್ತು ಮಾಯ. ಇದು ಅನ್ಯಾಯವಲ್ಲವೇ ಎಂದು ಲಾಲಾಜಿಯನ್ನು ಕೇಳಿದೆ. ಕಂಪನಿಯವರನ್ನು ಕೇಳಬೇಕು ಮೇಡಂಜಿ ಎಂದು ಅವರು ಬಿಸ್ಕತ್ತುಗಳನ್ನು ಒಂದು ಕಾಗದದಲ್ಲಿ ಕಟ್ಟಿಕೊಟ್ಟರು. ನಮ್ಮವರ ಕ್ಷಮೆ ಕೇಳಬೇಕಾಗಿತ್ತು, ನಿಜ. ಆದರೆ ಜಿಲೇಬಿಯ ವಿಷಯ ಬಾಕಿ ಇದ್ದುದರಿಂದ ಒಂದಕ್ಕೊಂದು ವಜಾ ಆಯಿತೆಂದು ಬಿಟ್ಟುಬಿಟ್ಟೆ.

ಅಲ್ಲಿಂದ ನನ್ನ ಕಣ್ಣು ತೆರೆಯಿತು. ತೆರೆದ ಕಣ್ಣು ಮುಚ್ಚಲಿಲ್ಲ ಎನ್ನುವುದೇ ತೊಂದರೆ. ಸೋಪಿನ ನಡುವೆ ಹಳ್ಳ ಬಿದ್ದದ್ದು ಕಂಡಿತು. ಕೈಗೆ ಹಿಡಿತ ಸಿಗಲಿ ಎಂದು ಹಾಗೆ ಮಾಡಿದ್ದಾರಂತೆ, ಇಷ್ಟು ವರ್ಷ ನಮ್ಮ ಕೈಯಿಂದ ಸೋಪು ಜಾರಿ ದೇಶಕ್ಕೇನೋ ಆಪತ್ತು ಬಂದಿತ್ತು ಎನ್ನುವ ಹಾಗೆ. ಜಾಮಿನ ಬಾಟಲಿಯ ತಳ ಒಳಕ್ಕೆ ಉಬ್ಬಿದ್ದು ಕಂಡಿತು. ಟೂತ್‌ಪೇಸ್ಟಿನ ಬಾಯಿ ಅಗಲವಾದದ್ದು ಕಂಡಿತು. ಶಾಲೆಯಿಂದ ತಂದ ಸೀಮೆಸುಣ್ಣದ ತುಂಡುಗಳಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಯ ಮೇಲೆ ಸಾಮಾನಿನ ಹೆಸರು, ತೂಕ, ಬೆಲೆ, ಗ್ರಾಮಿಗೆಷ್ಟು ಬಿತ್ತು, ಎಲ್ಲ ಬರೆಯತೊಡಗಿದೆ. ಸಾಸಿವೆ ತೆಗೆಯಲು ಕಪಾಟು ತೆರೆದರೆ ಕಪ್ಪುಹಲಗೆಯ ಮುಂದೆ ನಿಂತ ಹಾಗೆ ಆಗುತ್ತಿತ್ತು. ಏಳನೆಯ ಕ್ಲಾಸಿನ ಟೆಸ್ಟಿಗೆ, ‘ಒಬ್ಬ ಬಿಸ್ಕತ್ತು ತಯಾರಕನು ಬೆಲೆ ಏರಿಸದೆ ಗಿರಾಕಿಗೆ ಶೇಕಡಾ ಎಷ್ಟು ಮೋಸ ಮಾಡಿದನು?’ ಎಂದು ಪ್ರಶ್ನೆ ಕೊಟ್ಟೆ. ಮಕ್ಕಳು ಚೆನ್ನಾಗಿಯೇ ಬಿಡಿಸಿದರು. ಆದರೆ ಒಬ್ಬ ಹುಡುಗಿಯ ತಂದೆ ಬಿಸ್ಕತ್ತು ಕಂಪನಿಯಲ್ಲೇ ಕೆಲಸದಲ್ಲಿದ್ದರು. ಪ್ರಿನ್ಸಿಪಾಲರು ಕರೆಸಿ, ಇನ್ನು ಮೇಲೆ ಲೆಕ್ಕದಲ್ಲಿ ಮಾವಿನಹಣ್ಣನ್ನೇ ಇಟ್ಟುಕೊಳ್ಳಿ ಎಂದರು.

ಆ ಹೊತ್ತಿಗೆ ನಮ್ಮ ಕಡೆ ಮೆಟ್ರೋ ಬಂದಿತ್ತು, ಎರಡು ಸ್ಟೇಷನ್ ಆಚೆ ಒಂದು ದೊಡ್ಡ ಸ್ಟೋರೂ ಬಂದಿತ್ತು. ನಾಲ್ಕು ಕಲ್ಯಾಣಮಂಟಪ ಸೇರಿಸಿದಷ್ಟು ವಿಸ್ತಾರ, ಮೇ ತಿಂಗಳಲ್ಲೂ ಸ್ವೆಟರ್ ಬೇಕೆನ್ನಿಸುವಷ್ಟು ತಂಪು. ಅಲ್ಲಿ ಲಾಲಾಜಿಗಿಂತ ಕಡಲೆಬೇಳೆ ಕಿಲೋಗೆ ಎರಡು ರೂಪಾಯಿ ಕಡಿಮೆ, ಸಕ್ಕರೆ ಒಂದು ರೂಪಾಯಿ ಕಡಿಮೆ. ಹೋಗಿಬರುವ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದು ಯಾರೂ ತಿಳಿಯಬಾರದು. ಹಿಡಿದಿದ್ದೆ. ಅದನ್ನು ಸರಿದೂಗಿಸಲೆಂದೇ ಹೆಚ್ಚು ಹೆಚ್ಚು ಕೊಳ್ಳುತ್ತಿದ್ದೆ. ಹೀಗೆ ನಮ್ಮ ಮನೆಗೆ ಎಂದೂ ಬಳಸದ ವಿನೆಗರಿನ ಕ್ಯಾನು ಬಂತು, ಒಂದಕ್ಕೊಂದು ಉಚಿತವಾದ ಫಿನಾಯಿಲು ಬಂತು, ನಮ್ಮವರು ನಿವೃತ್ತರಾಗುವವರೆಗೆ ಸಾಲುವಷ್ಟು ಶೇವಿಂಗ್ ಕ್ರೀಮು ಬಂತು. ಕಷ್ಟವಿದ್ದದ್ದು ವಾಪಸು ಬರುವಾಗ. ಸ್ಟೋರಿನ ಚೀಲದ ಮೇಲೆ ಆನೆಗಾತ್ರದ ಅಕ್ಷರದಲ್ಲಿ ಅದರ ಹೆಸರಿತ್ತು, ನಮ್ಮ ಗಲ್ಲಿಯ ಬಾಯಲ್ಲೇ ಲಾಲಾಜಿ ಕೂತಿರುತ್ತಿದ್ದರು. ಇಷ್ಟು ವರ್ಷ ಮನೆಗೆ ಸಾಮಾನು ಕಳಿಸಿದ ಮನುಷ್ಯನ ಮುಂದೆ ಆ ಚೀಲ ಹಿಡಿದು ನಡೆಯಲು ನನಗೆ ಮುಖವಿರಲಿಲ್ಲ. ಅದಕ್ಕೆ ಪಾರ್ಕಿನ ಹಿಂದಿನ ಗೇಟಿನಿಂದ ಸುತ್ತುಹಾಕಿ, ತಲೆ ತಗ್ಗಿಸಿ, ಕಳ್ಳಬೆಕ್ಕಿನ ಹಾಗೆ ನಾನೂ ನಮ್ಮವರೂ ಮನೆ ಸೇರುತ್ತಿದ್ದೆವು. ಅವರು ನೋಡಿಲ್ಲವೆಂದೇ ನಾನು ನಂಬಿದ್ದೆ.

ಇಷ್ಟರಲ್ಲಿ ಅತ್ತೆ ಬಂದರು. ಅತ್ತೆ ಕಾರ್ಕಳದ ಕಡೆಯವರು. ದೆಹಲಿಗೆ ಬರುವುದೆಂದರೆ ಚಳಿ ನೋಡಲಿಕ್ಕೆ ಎಂದು ದೀಪಾವಳಿ ಕಳೆದು ಬರುತ್ತಾರೆ, ಶಿವರಾತ್ರಿ ಕಳೆದು ಹೋಗುತ್ತಾರೆ. ಅವರಿಗೂ ನನಗೂ ನಡುವೆ ಹನ್ನೆರಡು ವರ್ಷದ ಒಂದು ಹಳೆಯ ಬಾಕಿ ಇತ್ತು. ಮದುವೆಯಾದ ಹೊಸದರಲ್ಲಿ ನಾನು ಹುಳಿಗೆ ಮರೆತು ಎರಡು ಸಲ ಉಪ್ಪು ಹಾಕಿದ್ದೆ. ಊಟಕ್ಕೆ ಕೂತ ನೆಂಟರೆಲ್ಲರ ಮುಂದೆ ಅತ್ತೆ, “ಶಾಲೆಯಲ್ಲಿ ಲೆಕ್ಕ ಹೇಳಿಕೊಡ್ತಾಳಂತೆ. ಮನೆಯಲ್ಲಿ ಉಪ್ಪಿನ ಲೆಕ್ಕ ಗೊತ್ತಿಲ್ಲ” ಎಂದಿದ್ದರು. ಆ ಮಾತನ್ನು ಅವರು ವಾಪಸು ತೆಗೆದುಕೊಳ್ಳಬೇಕು ಎನ್ನುವುದು ನನ್ನ ಜೀವನದ ಗುರಿಗಳಲ್ಲಿ ಒಂದು. ಹೊಗಳಬೇಕೆಂದಿಲ್ಲ. ಅತ್ತೆ ಹೊಗಳುವ ಜಾತಿಯವರಲ್ಲ. ಅವರ ಮೇಲ್ಮಟ್ಟದ ಪ್ರಶಸ್ತಿ ‘ಪರವಾಗಿಲ್ಲ’ ಎನ್ನುವುದು, ಅದೂ ಇದುವರೆಗೆ ಮಗನಿಗೇ ಸಿಕ್ಕಿಲ್ಲ. ಈ ಸಲ ಕಪಾಟಿನ ಬಾಗಿಲು ತೆರೆದು ತೋರಿಸಿ ಅದನ್ನು ಗಿಟ್ಟಿಸಬೇಕೆಂದು ನಾನು ನಿಶ್ಚಯಿಸಿದ್ದೆ.

ಬಂದ ಮೂರನೆಯ ದಿನ ಬಾಗಿಲು ತೆರೆದು ತೋರಿಸಿದೆ. ಅತ್ತೆ ಮೇಲಿಂದ ಕೆಳಗೆ ನೋಡಿ, ಹಾಲಿನವನ ಲೆಕ್ಕ ಇಷ್ಟು ಬಾಕಿ ಇಟ್ಟಿದ್ದೀರಾ ಎಂದು ಗಾಬರಿಯಾದರು. ಹಾಗಲ್ಲವೆಂದು ವಿವರಿಸಿ, ನಂಬಿಕೆ ಬರಲೆಂದು ಅವರನ್ನೇ ದೊಡ್ಡ ಸ್ಟೋರಿಗೆ ಕರೆದುಕೊಂಡು ಹೋದೆ. ಅಲ್ಲಿ ಅವರು ಯಾವುದಕ್ಕೂ ಬೆರಗಾಗಲಿಲ್ಲ. ಬೇಳೆಯನ್ನು ಪ್ಲಾಸ್ಟಿಕ್ಕಿನ ಮೇಲಿಂದಲೇ ಹಿಸುಕಿ ನೋಡಿ, ಮೂಸಲಿಕ್ಕೆ ಆಗದ ಬೇಳೆಯನ್ನು ಹೇಗೆ ಕೊಳ್ಳುವುದು ಎಂದು ಕೇಳಿದರು. ಕೊನೆಗೆ ಬಿಲ್ಲು ಮಾಡುವ ಹುಡುಗಿಯ ಮುಂದೆ ದುಡ್ಡು ಕೊಟ್ಟಾದ ಮೇಲೆ ಬಲಗೈ ಚಾಚಿ ನಿಂತರು. ಹುಡುಗಿ ಆ ಕೈಯೊಳಗೆ ಬಿಲ್ಲು ಇಟ್ಟಳು. ಅತ್ತೆ ಕೈ ಮಡಿಚಲಿಲ್ಲ.

“ಇದಲ್ಲ. ಕೊಸರು ಎಲ್ಲಿ?”

ದೆಹಲಿಯ ಆ ಹುಡುಗಿಗೆ ಕೊಸರು ಎಂದರೇನೆಂದು ನಾನು ಹೇಗೆ ಹೇಳಲಿ? ನಮ್ಮ ಊರುಗಳಲ್ಲಿ ಅಳೆದು ಕೊಟ್ಟಾದ ಮೇಲೆ, ತೂಗಿ ಕೊಟ್ಟಾದ ಮೇಲೆ, ಅಂಗಡಿಯವನು ತನ್ನ ಮನಸ್ಸಿನಿಂದ ಒಂದು ಹಿಡಿ ಮೇಲೆ ಹಾಕುತ್ತಾನೆ. ಅಕ್ಕಿಗೆ ಅಕ್ಕಿ, ಮಲ್ಲಿಗೆಗೆ ಇನ್ನರ್ಧ ಮೊಳ, ಬದನೆಕಾಯಿಗೆ ಇನ್ನೊಂದು ಪುಟ್ಟ ಬದನೆಕಾಯಿ. ಗಿರಾಕಿ ಕೇಳುವುದೂ ಉಂಟು, ಜಗಳವಾಡುವುದೂ ಉಂಟು. ಆದರೆ ಕೊಸರು ಹಾಕದೆ ವ್ಯಾಪಾರ ಮುಗಿಯಿತು ಎಂದು ಯಾರೂ ಹೇಳುವುದಿಲ್ಲ. ಹಿಂದಿನ ಸಾಲು ಮುಂದಕ್ಕೆ ಒತ್ತುತ್ತಿತ್ತು. ಅತ್ತೆಯ ತೋಳು ಹಿಡಿದು ಹೊರಗೆ ತಂದೆ. ಅವರು ಬಿಲ್ಲನ್ನು ಎರಡೂ ಕಡೆ ತಿರುಗಿಸಿ ನೋಡಿ, “ಎಂತ ಮಾರಾಯ್ತಿ, ಇಷ್ಟು ದೊಡ್ಡ ಅಂಗಡಿ ಇಟ್ಟವನಿಗೆ ಒಂದು ಮುಷ್ಟಿ ಬೇಳೆಗೆ ಮನಸ್ಸಿಲ್ಲವಾ?” ಎಂದರು. ಅದರ ಬದಲು ರೂಪಾಯಿ ಕಡಿಮೆ ಮಾಡಿದ್ದಾರಲ್ಲ ಅತ್ತೆ ಎಂದೆ. ಕಡಿಮೆ ಮಾಡಿದ್ದು ಕಣ್ಣಿಗೆ ಕಾಣುವುದಿಲ್ಲ ಎಂದುಬಿಟ್ಟರು.

ಮರುದಿನದಿಂದ ಅತ್ತೆ ಲಾಲಾಜಿಯ ಅಂಗಡಿಗೆ ಹೋಗತೊಡಗಿದರು. ಚಳಿಗಾಲದಲ್ಲಿ ಅಂಗಡಿಯ ಮುಂದಿನ ಬೆಂಚಿಗೆ ಒಳ್ಳೆಯ ಬಿಸಿಲು ಬೀಳುತ್ತದೆ. ಅತ್ತೆಗೆ ಹಿಂದಿಯ ಗಂಧವಿಲ್ಲ, ಲಾಲಾಜಿಗೆ ಕನ್ನಡದ ಗಾಳಿ ಸೋಕಿಲ್ಲ. ಶಾಲೆ ಬಿಟ್ಟು ಬಂದ ಅನು ಅವರಿಬ್ಬರ ನಡುವೆ ದುಭಾಷಿ. ಅವಳ ಕನ್ನಡ ಹೇಗೆಂದರೆ, ವಾಕ್ಯ ಬೆಂಗಳೂರಿಗೆ ಹೊರಟು ಆಗ್ರಾದಲ್ಲೇ ಇಳಿದುಬಿಡುತ್ತದೆ. ಆದರೂ ಹೇಗೋ ನಡೆಯಿತು. ಮೊದಲ ದಿನವೇ ಕಾಲು ಕಿಲೋ ಕಡಲೆಬೀಜದ ಮೇಲೆ ಒಂದು ಹಿಡಿ ಕಡಲೆಬೀಜ, ಒಂದು ತುಂಡು ಬೆಲ್ಲ ಬಂತು. ಎರಡನೆಯ ದಿನ ಅವಲಕ್ಕಿಯ ಮೇಲೆ ಅವಲಕ್ಕಿ ಬಂತು. ತರಕಾರಿ ಗಾಡಿಯ ಭಯ್ಯಾ ಕೊತ್ತಂಬರಿ, ಹಸಿಮೆಣಸನ್ನು ಕೇಳದೆಯೇ ಮೇಲೆ ಹಾಕಿ ಕೊಟ್ಟದ್ದನ್ನು ಕಂಡ ದಿನವಂತೂ, ದೆಹಲಿಯವರಿಗೂ ಧರ್ಮ ಗೊತ್ತುಂಟು ಎಂದು ಅತ್ತೆ ಊರಿಗೆ ಫೋನ್ ಮಾಡಿ ಹೇಳಿದರು. ನಾನು ಸುಮ್ಮನಿರಲಿಲ್ಲ. ಆ ಕಡಲೆಬೀಜಕ್ಕೆ ನೀವು ಕೊಟ್ಟದ್ದು ಸ್ಟೋರಿಗಿಂತ ಹೆಚ್ಚು ಎಂದೆ. ನಿನ್ನ ಲೆಕ್ಕದಲ್ಲಿ ಕೊಸರು ಸೇರಿಸಿದ್ದೀಯಾ ಎಂದು ಅತ್ತೆ ಕೇಳಿದರು. ಗಣಿತದ ಟೀಚರಿಗೆ ಹೀಗೆಲ್ಲ ಕೇಳಬಾರದು. ರಾತ್ರಿ ಊಟ ಸೇರಲಿಲ್ಲ. ಒಂದು ಅಂಶವನ್ನು ಬಿಟ್ಟು ಉತ್ತರ ಬರೆದ ಏಳನೆಯ ಕ್ಲಾಸಿನ ಹುಡುಗಿಯ ಹಾಗೆ ನಾನು ಸಿಕ್ಕಿಬಿದ್ದಿದ್ದೆ.

ಕೊಸರನ್ನು ಲೆಕ್ಕಕ್ಕೆ ಸೇರಿಸಬೇಕಾದರೆ ಅದರ ತೂಕ ಗೊತ್ತಿರಬೇಕು. ಅದಕ್ಕಾಗಿ ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ಕೊಂಡೆ. ಅದರ ಬೆಲೆ ಆವರೆಗೆ ನಾನು ಉಳಿಸಿದ್ದರ ಮುಕ್ಕಾಲು ಪಾಲನ್ನು ನುಂಗಿತು, ಆದರೆ ವಿಜ್ಞಾನಕ್ಕೆ ಖರ್ಚು ಇದ್ದದ್ದೇ. ಅತ್ತೆ ಅಂಗಡಿಯಿಂದ ಬಂದು ಸ್ನಾನಕ್ಕೆ ಹೋದೊಡನೆ ಪೊಟ್ಟಣ ಬಿಚ್ಚಿ ತೂಗುತ್ತಿದ್ದೆ. ಅವಲಕ್ಕಿ, ಹೆಸರುಬೇಳೆ, ಶುಂಠಿ, ಬೆಲ್ಲ, ಎಲ್ಲದರ ಮೇಲಿನ ಹಿಡಿಯೂ ಕಪಾಟಿನ ಬಾಗಿಲೇರಿತು. ಲಾಲಾಜಿಯ ಹಿಡಿ ದೊಡ್ಡದು. ಒಂದು ದಿನ ಸ್ನಾನದ ನೀರು ತಣ್ಣಗಿತ್ತೋ ಏನೋ, ಅತ್ತೆ ಬೇಗ ಹೊರಬಂದರು. ನಾನು ತಕ್ಕಡಿಯ ಮುಂದೆ ಬಗ್ಗಿ, ಒಂದು ಚೂರು ಬೆಲ್ಲದ ತೂಕ ನೋಡುತ್ತಿದ್ದೆ.

“ಸುಮಾ, ಕೊಸರನ್ನು ತೂಗಬಾರದು” ಎಂದರು ಅತ್ತೆ. ಬೈಯಲಿಲ್ಲ. ಕಾಯಿಲೆಯವರ ಹತ್ತಿರ ಮಾತಾಡುವ ದನಿ ಅದು. “ತೂಗಿದರೆ ಅದು ಸಾಮಾನು ಆಯಿತು. ಅವರು ಕೊಟ್ಟದ್ದು ಸಾಮಾನಲ್ಲ.”

ನನಗೆ ನಾಚಿಕೆಯಾಯಿತು. ಆದರೆ ಉತ್ತರ ಬಂದಾಗಿತ್ತು: ಕೊಸರು ಸೇರಿಸಿದರೆ ಲಾಲಾಜಿಯ ಅಂಗಡಿಯೇ ಅಗ್ಗ. ಹೆಚ್ಚಲ್ಲ, ಕಿಲೋಗೆ ಕೆಲವು ಪೈಸೆ. ಆದರೂ ಅಗ್ಗ ಅಗ್ಗವೇ. ಅಂದೇ ಊಟದ ಹೊತ್ತಿಗೆ, ಇನ್ನು ನಮ್ಮ ಸಾಮಾನೆಲ್ಲ ಲಾಲಾಜಿಯ ಹತ್ತಿರವೇ, ಎಂದು ಘೋಷಿಸಿದೆ. ಕಾರಣ ಕೇವಲ ಗಣಿತ ಎಂದೂ ಹೇಳಿದೆ. ನಮ್ಮವರು, ಹಾಗಾದರೆ ಪಾರ್ಕಿನ ಹಿಂದಿನ ಗೇಟಿಗೆ ರಜಾ, ಎಂದು ಸಂತೋಷಪಟ್ಟರು. ಅತ್ತೆ ಇನ್ನೊಂದು ತುತ್ತು ಕಲಸಿಕೊಂಡರು, ಅಷ್ಟೆ.

ಅಷ್ಟು ತಿಂಗಳು ಬೆನ್ನು ತಿರುಗಿಸಿದ್ದ ಅಂಗಡಿಗೆ ನಾನೇ ಹೋಗುವಾಗ ಕಾಲು ಸ್ವಲ್ಪ ಹಿಂದೆಗೆಯುತ್ತಿತ್ತು. ಏನಾದರೂ ಚುಚ್ಚಿ ಮಾತಾಡುತ್ತಾರೆ ಎಂದುಕೊಂಡಿದ್ದೆ. ಲಾಲಾಜಿ ಎದ್ದು ನಿಂತು ಸ್ಟೂಲು ಹಾಕಿಸಿದರು. ನಾನು ಕೇಳಿದ್ದನ್ನೆಲ್ಲ ತೂಗಿ, ಎಲ್ಲದರ ಮೇಲೂ ಒಂದೊಂದು ಹಿಡಿ ಹಾಕಿ, ಬೆಲೆಗಳನ್ನು ಬಹಳ ನಿಧಾನವಾಗಿ, ಒಂದನೆಯ ಕ್ಲಾಸಿನ ಮಗುವಿಗೆ ಹೇಳುವ ಹಾಗೆ, ಎರಡೆರಡು ಸಲ ಕೂಡಿಸಿ ತೋರಿಸಿದರು. ಚಿಲ್ಲರೆಯನ್ನು ನನ್ನ ಅಂಗೈ ಮೇಲೆ ಒಂದೊಂದಾಗಿ ಇಟ್ಟು, “ಗಿನ್ ಲೋ ಬೇಟಾ, ಆರಾಮ್ ಸೇ” ಎಂದರು. ನಿಧಾನವಾಗಿ ಎಣಿಸಿಕೋ ಮಗಳೇ, ಎಂದು ಆ ವಯಸ್ಸಿನ ಮನುಷ್ಯ ಹೇಳಿದಾಗ ನಾನು ಎಣಿಸದೆಯೇ ಚಿಲ್ಲರೆಯನ್ನು ಪರ್ಸಿಗೆ ಹಾಕಿಕೊಂಡೆ. ಆವರೆಗೆ ನಾನು ಅವರಿಗೆ ‘ಮೇಡಂಜಿ’ ಆಗಿದ್ದೆ. ದೂರದ ಊರಿನಿಂದ ಬಂದ ಹೆಣ್ಣುಮಗಳೆಂಬ ಅಂತಃಕರಣ ಎಂದುಕೊಂಡೆ. ಸ್ಟೋರಿನ ಹುಡುಗಿ ಎಂದಾದರೂ ಬೇಟಾ ಎಂದಿದ್ದಳೇ, ಎಂದು ಮನೆಗೆ ಬಂದು ನಮ್ಮವರ ಮುಂದೆ ಭಾಷಣ ಮಾಡಿದೆ. ಅವಳ ವಯಸ್ಸು ಇಪ್ಪತ್ತು, ಅವಳು ನಿನ್ನನ್ನು ಮಗಳೇ ಎನ್ನುವುದು ಹೇಗೆ ಎಂದು ಅವರು ಪೇಪರಿನ ಹಿಂದಿನಿಂದ ಕೇಳಿದರು.

ಶಿವರಾತ್ರಿ ಕಳೆಯಿತು. ಅತ್ತೆಯನ್ನು ಕಳಿಸಲು ಒಂದು ಬೆಳಿಗ್ಗೆ ಎಲ್ಲರೂ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆವು. ಲಾಲಾಜಿ ದಾರಿಗೆಂದು ಎಳ್ಳಿನ ಗಜಕ್ ಮಿಠಾಯಿ ಕಟ್ಟಿಕೊಟ್ಟಿದ್ದರು, ದುಡ್ಡು ಮುಟ್ಟಲಿಲ್ಲ. ಸೀಟಿನಲ್ಲಿ ಕೂತ ಅತ್ತೆ ಕಿಟಕಿಯ ಸರಳಿನ ಆಚೆಯಿಂದ ನನ್ನ ಕೈ ಹಿಡಿದುಕೊಂಡರು. ನಮ್ಮವರು ನೀರಿನ ಬಾಟಲಿ ತರಲು ಹೋಗಿದ್ದರು. ಮಗನಿಲ್ಲದ ಹೊತ್ತು ನೋಡಿಯೇ ಹೇಳಿದರೆಂದು ನನ್ನ ನಂಬಿಕೆ.

“ಪರವಾಗಿಲ್ಲ ಮಾರಾಯ್ತಿ. ಮನೆ ಲೆಕ್ಕ ನಿನಗೀಗ ಬಂತು.”

ಹನ್ನೆರಡು ವರ್ಷ ಕಾದಿದ್ದ ಮಾತು. ನನಗೆ ಅಳುವೇ ಬಂತು. ಅಲ್ಲೇ ಬಗ್ಗಿ ಕಾಲು ಮುಟ್ಟೋಣವೆಂದರೆ ಕಾಲು ರೈಲಿನೊಳಗಿತ್ತು. ರೈಲು ಹೊರಟ ಮೇಲೂ ನಾನು ಕೈ ಬೀಸುತ್ತಲೇ ಇದ್ದೆ.

ವಾಪಸು ಬರುವಾಗ ಆಟೋದಲ್ಲಿ ಅನು ನಮ್ಮಿಬ್ಬರ ನಡುವೆ ಕೂತು ಅಜ್ಜಿ ಕೊಟ್ಟುಹೋದ ಗಜಕ್ ತಿನ್ನುತ್ತಿದ್ದಳು. ಅಜ್ಜಿ ಹೋದ ಮೇಲೆ ಅವಳಿಗೂ ಬೇಜಾರಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ, ಇನ್ನು ಲಾಲಾಜಿ ಹತ್ತಿರ ನೀನೇ ಹೋಗ್ಬೇಕಲ್ಲ ಅಮ್ಮಾ, ಎಂದು ಕೇಳಿದಳು. ಹೌದು ಎಂದೆ.

“ಲೇಕಿನ್ ಅಲ್ಲಿ ಜಾಸ್ತಿ ಲೆಕ್ಕ ಮಾಡ್ಬೇಡ, ಪ್ಲೀಸ್. ಉನ್ಕೋ ಪತಾ ಚಲ್ ಜಾಯೇಗಾ.”

ಅವರಿಗೆ ಏನು ಗೊತ್ತಾಗಿಬಿಡುತ್ತದೆ ಎಂದು ಕೇಳಿದೆ. ಅನು ಗಜಕ್ ಬಾಯಲ್ಲಿಟ್ಟುಕೊಂಡೇ ಎಲ್ಲ ಹೇಳಿದಳು. ಮೊದಲ ದಿನ ಅಜ್ಜಿ ಕೈ ಚಾಚಿದಾಗ ಲಾಲಾಜಿಗೆ ಅರ್ಥವಾಗಲಿಲ್ಲವಂತೆ. ಆಗ ಅಜ್ಜಿ ಇವಳಿಗೆ ಹೀಗೆ ಹೇಳು ಎಂದರಂತೆ: ನಮ್ಮ ಮನೆಯಲ್ಲಿ ಒಬ್ಬಳು ಸೊಸೆ ಇದ್ದಾಳೆ, ಪಾಪ, ಒಳ್ಳೆಯವಳು, ಆದರೆ ಲೆಕ್ಕ ಒಂದು ಬರುವುದಿಲ್ಲ. ದೊಡ್ಡ ಅಂಗಡಿಯವರು ಕೇಳಿದಷ್ಟು ಕೊಟ್ಟು ಬೇಡದ್ದನ್ನೆಲ್ಲ ಹೊತ್ತುಕೊಂಡು ಬರುತ್ತಾಳೆ. ನನ್ನ ಮಗನ ಸಂಸಾರ ಸಾಗಬೇಕು. ನೀವು ಹಿರಿಯರು, ಒಂದು ಹಿಡಿ ಮೇಲೆ ಹಾಕಿ. ಅನು ಇಷ್ಟನ್ನೂ ಶುದ್ಧ ಹಿಂದಿಗೆ ತಿರುಗಿಸಿ ಹೇಳಿದಳಂತೆ. ಅವಳ ಜನ್ಮದಲ್ಲಿ ಅವಳು ತಪ್ಪಿಲ್ಲದೆ ಮಾಡಿದ ಅನುವಾದ ಅದೊಂದೇ ಇರಬೇಕು. ಲಾಲಾಜಿ ಒಂದಿಷ್ಟೂ ಆಶ್ಚರ್ಯಪಡಲಿಲ್ಲವಂತೆ. ಬೆರಳು ಮಡಿಚಿ ಮೂರು ಸಲ ಎಣಿಸಿದರೂ ಬಿಸ್ಕತ್ತಿನ ಲೆಕ್ಕ ಸಿಗದೆ ಒದ್ದಾಡಿದ ಮೇಡಂ ತಾನೇ, ಎಂದು ಅವರೇ ಗುರುತು ಹೇಳಿದರಂತೆ. ಸ್ಟೋರಿನ ಚೀಲ ಹೊತ್ತು ಹಿಂದಿನ ಗೇಟಿನಿಂದ ತಲೆ ತಗ್ಗಿಸಿ ಹೋಗುವುದನ್ನೂ ಕಂಡಿದ್ದರಂತೆ. ಮೋಸಹೋದ ನಾಚಿಕೆ ಇರಬೇಕು, ಪಾಪ, ಎಂದರಂತೆ.

“ಮತ್ತೆ ಅಮ್ಮ ಸ್ಕೂಲಲ್ಲಿ ಯಾವ ಸಬ್ಜೆಕ್ಟ್ ಪಢಾತೀ ಹೈ ಅಂತ ಕೇಳಿದ್ರು” ಎಂದಳು ಅನು. “ಅಜ್ಜಿ ನನ್ನ ನೋಡಿದ್ರು. ನಾನು ಡ್ರಾಯಿಂಗ್ ಅಂದೆ.”

ನಮ್ಮವರು ಆಟೋದ ಹೊರಗೆ ಮುಖ ತಿರುಗಿಸಿಕೊಂಡು ಬಹಳ ಗಮನವಿಟ್ಟು ಒಂದು ಫ್ಲೈಓವರ್ ನೋಡುತ್ತಿದ್ದರು. ಅವರ ಹೆಗಲು ಕುಲುಕುತ್ತಿತ್ತು. ಜಿಲೇಬಿಯ ಸೇಡು ಅಂದು ಪೂರ್ತಿ ತೀರಿತು.

ರಾತ್ರಿಯೆಲ್ಲ ಕುದಿದು, ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೊರಟೆ. ನಾನು ಗಣಿತದಲ್ಲಿ ಎಂ.ಎಸ್ಸಿ., ಬಿ.ಎಡ್. ಬೇರೆ, ಎಂದು ಹೇಳಿಬಿಡುವುದು ಎಂದು ತೀರ್ಮಾನಿಸಿದ್ದೆ. ಅಗತ್ಯ ಬಿದ್ದರೆ ಹದಿನೇಳರ ಮಗ್ಗಿಯನ್ನು ಹಿಮ್ಮುಖವಾಗಿ ಒಪ್ಪಿಸಲೂ ಸಿದ್ಧಳಾಗಿದ್ದೆ. ಲಾಲಾಜಿ ಅರ್ಧ ಕಿಲೋ ಅವಲಕ್ಕಿ ತೂಗಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕೈ ಮತ್ತೆ ಮೂಟೆಯೊಳಗೆ ಹೋಯಿತು, ತುಂಬಿಕೊಂಡು ಹೊರಬಂತು, ನನ್ನ ಪೊಟ್ಟಣದ ಮೇಲೆ ಬಿಚ್ಚಿಕೊಂಡಿತು. ಅಮ್ಮ ಊರು ತಲುಪಿದರೇ ಎಂದು ಅವರು ಕೇಳಿದರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಗಾದೆ ಮಾಡಿದವರು, ಮಾನ ಒಂದು ಸಲ ಹೋಗಿ ಅಡಕೆ ವಾರವಾರವೂ ಬರುವ ಸಂದರ್ಭವನ್ನು ಯೋಚಿಸಿದ ಹಾಗೆ ಕಾಣುವುದಿಲ್ಲ. ನಾನು ತೆರೆದ ಬಾಯಿಯನ್ನು ಮುಚ್ಚಿದೆ. ಅಂಗೈಗೆ ಬಿದ್ದ ಚಿಲ್ಲರೆಯನ್ನು ಬೆರಳು ಮಡಿಚಿ ಎಣಿಸಿದೆ. ನೋಡುವವರಿಗೆ ನಂಬಿಕೆ ಬರಲೆಂದು ನಡುವೆ ಒಂದು ಸಲ ಬೇಕೆಂದೇ ತಪ್ಪಿದೆ. ಲಾಲಾಜಿ ತಿದ್ದಿಕೊಟ್ಟು, ಒಂದು ತುಂಡು ಬೆಲ್ಲವನ್ನೂ ಇಟ್ಟರು.

ಹೊರಡುವಾಗ ಅವರು ಒಂದು ಮಾತು ಕೇಳಿದರು. ಈ ದೀಪಾವಳಿಗೆ ಅಂಗಡಿಗೆ ಸುಣ್ಣ ಹೊಡೆಸುತ್ತಾರಂತೆ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಮೇಡಂ ತಮ್ಮ ಕೈಯಿಂದಲೇ ಒಂದು ಲಕ್ಷ್ಮಿಯನ್ನು ಬರೆದುಕೊಡಬೇಕಂತೆ. ಕೈಯಲ್ಲಿ ಅವರ ಬೆಲ್ಲವಿತ್ತು, ಇಲ್ಲವೆನ್ನಲಾಗಲಿಲ್ಲ. ಈಗ ಕಪಾಟಿನ ಬಾಗಿಲಿನ ಬೆಲೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಶಾಲೆಯ ಅದೇ ಸೀಮೆಸುಣ್ಣದಲ್ಲಿ ದಿನವೂ ಸಂಜೆ ಲಕ್ಷ್ಮಿಯನ್ನು ಬರೆದು ಅಭ್ಯಾಸ ಮಾಡುತ್ತಿದ್ದೇನೆ. ಎರಡು ಬದಿಯ ಆನೆಗಳು ಪರವಾಗಿಲ್ಲ. ಹೊನ್ನು ಸುರಿಸುವ ಕೈ ಮಾತ್ರ ಎಷ್ಟು ಬರೆದರೂ ಸರಿಬರುತ್ತಿಲ್ಲ. ನಿನ್ನೆ ಅನು ಬಂದು ಬಹಳ ಹೊತ್ತು ನಿಂತು ನೋಡಿ, “ಅಮ್ಮಾ, ನಿನ್ನ ಲಕ್ಷ್ಮಿ ಚಿಲ್ಲರೆ ಎಣಿಸ್ತಾ ಇದಾಳೆ” ಎಂದಳು.